ಮೂರು ವರ್ಷ ನೋಟ್ಸ್ ಬರೆದವನಿಗೆ ಒಂದು ಅರ್ಜಿ ಬರೆಯೋಕೆ ಬರಲ್ಲ. ತಪ್ಪು ಯಾರದು?

ನಮ್ಮ ತಾಲೂಕು ಕಚೇರಿಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆದುಕೊಡುವವರು ಕೂರುತ್ತಾರೆ. ಒಂದು ಸಣ್ಣ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಬಿಳಿ ಹಾಳೆಯ ಕಟ್ಟು, ಹೆಬ್ಬೆಟ್ಟು ಒತ್ತಲು ಇಂಕ್ ಪ್ಯಾಡ್. ಸುದ್ದಿ ಹುಡುಕಿಕೊಂಡು ವಾರಕ್ಕೆ ಎರಡು ಸಲವಾದರೂ ನಾನು ಅಲ್ಲಿಗೆ ಹೋಗುತ್ತೇನೆ. ಕಚೇರಿ ಒಳಗಿಗಿಂತ ಆ ಮರದ ಕೆಳಗೇ ಹೆಚ್ಚು ಸುದ್ದಿ ಸಿಗುತ್ತದೆ.

ಹೋದ ತಿಂಗಳು ಅಲ್ಲಿಗೆ ಒಬ್ಬ ರೈತರು ಮಗನನ್ನು ಕರೆದುಕೊಂಡು ಬಂದಿದ್ದರು. ಉತಾರದಲ್ಲಿ ಅವರ ಹೆಸರು ಒಂದು ಥರ ಇದೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಥರ. ಅದರಿಂದ ಬೆಳೆ ಪರಿಹಾರದ ದುಡ್ಡು ಖಾತೆಗೆ ಬಿದ್ದಿಲ್ಲ. ಹೆಸರು ತಿದ್ದಿಕೊಡಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಅಪ್ಪ ಹೇಳುತ್ತಿದ್ದರು, ಅರ್ಜಿಯವರು ಬರೆಯುತ್ತಿದ್ದರು, ಮಗ ಪಕ್ಕದಲ್ಲಿ ಫೋನ್ ಹಿಡಿದು ನಿಂತಿದ್ದ. ಎಲ್ಲೋ ನೋಡಿದ ಮುಖ. ಅವನೇ ಗುರುತು ಹಿಡಿದ.

"ಸರ, ನಮ್ಮ ಕಾಲೇಜಿಗೆ ಬಂದಿದ್ರಲ್ರಿ, ಪತ್ರಿಕಾ ದಿನಕ್ಕ."

ಹೌದು. ಬಿಎ ಕೊನೆಯ ವರ್ಷ. ಪತ್ರಿಕೋದ್ಯಮವನ್ನೂ ಒಂದು ವಿಷಯವಾಗಿ ತಗೊಂಡಿರುವ ಹುಡುಗ.

"ಈ ಅರ್ಜಿ ನೀನ ಬರೀಬಹುದಿತ್ತಲ್ಲೋ ತಮ್ಮಾ?" ಅಂದೆ.

ಅವನು ನೆಲ ನೋಡಿದ. ಅಪ್ಪನೇ ಹೇಳಿದರು: "ನಾನೂ ಅದನ್ನ ಹೇಳಿದ್ನಿ ನೋಡ್ರಿ. ನನಗ ಹಂಗೆಲ್ಲ ಬರಿಯಾಕ ಬರಂಗಿಲ್ಲಪ್ಪ ಅಂದ. ಮೂರು ವರ್ಷ ಆತು, ಏನ್ ಕಲತಾನೋ ಏನೋ."

ನೂರು ರೂಪಾಯಿ ಕೊಟ್ಟು, ಅರ್ಜಿ ಹಿಡಿದುಕೊಂಡು ಅಪ್ಪ ಮಗ ಇಬ್ಬರೂ ಕಚೇರಿ ಒಳಗೆ ಹೋದರು.

ಆ ನೂರು ರೂಪಾಯಿ ನನಗೆ ಇವತ್ತಿಗೂ ಚುಚ್ಚುತ್ತಿದೆ. ಅರ್ಜಿ ಬರೆದವರ ಮೇಲೆ ಸಿಟ್ಟಿಲ್ಲ, ಅದು ಅವರ ಹೊಟ್ಟೆಪಾಡು. ಹುಡುಗನ ಮೇಲೂ ಸಿಟ್ಟಿಲ್ಲ. ಮೂರು ವರ್ಷ ಅವನನ್ನು ಬೆಂಚಿನ ಮೇಲೆ ಸುಮ್ಮನೆ ಕೂರಿಸಿ, ಒಬ್ಬರು ಹೇಳಿದ್ದನ್ನು ಬರೆಸಿಕೊಂಡು, ಅದಕ್ಕೆ ಬರವಣಿಗೆಯ ಕ್ಲಾಸು ಅಂತ ಹೆಸರಿಟ್ಟೆವಲ್ಲ, ಅದರ ಮೇಲೆ ಸಿಟ್ಟು.

ಪತ್ರಿಕಾ ದಿನ ಕ್ಲಾಸಿನಲ್ಲಿ ಕಂಡದ್ದು

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರು ಸಮಾಚಾರ' ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ ಅದು. ಅದರ ನೆನಪಿಗೆ ಪ್ರತಿ ವರ್ಷ ನಾವು ಪತ್ರಿಕಾ ದಿನ ಮಾಡುತ್ತೇವೆ. ಆವತ್ತು ನನ್ನಂಥ ಸ್ಟ್ರಿಂಗರ್‌ಗಳಿಗೂ ಒಂದು ಶಾಲು, ಒಂದು ಹಾರ ಸಿಗುತ್ತದೆ. ಹಾಗೆ ನನ್ನನ್ನೂ ಆ ಕಾಲೇಜಿಗೆ ಕರೆದಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅಲ್ಲಿನ ಅಧ್ಯಾಪಕರು, "ಹೆಂಗೂ ಬಂದೀರಿ, ಒಂದು ಪಿರಿಯಡ್ ತಗೊಂಡು ಹೋಗ್ರಿ" ಅಂದರು.

ಕ್ಲಾಸಿನಲ್ಲಿ ಸುಮಾರು ಎಪ್ಪತ್ತು ಮಂದಿ. ಎಡಕ್ಕೆ ಹುಡುಗಿಯರು, ಬಲಕ್ಕೆ ಹುಡುಗರು. "ಸುದ್ದಿ ಅಂದ್ರೆ ಏನು?" ಅಂತ ಕೇಳಿದೆ. ಇಡೀ ಕ್ಲಾಸು ಒಂದೇ ದನಿಯಲ್ಲಿ ವ್ಯಾಖ್ಯೆ ಒಪ್ಪಿಸಿತು. ನಾಯಿ ಮನುಷ್ಯನನ್ನು ಕಚ್ಚಿದರೆ ಸುದ್ದಿಯಲ್ಲ, ಮನುಷ್ಯ ನಾಯಿಯನ್ನು ಕಚ್ಚಿದರೆ ಸುದ್ದಿ. ಎಲ್ಲರಿಗೂ ಬಾಯಿಪಾಠ.

"ಚಲೋ ಆತು. ಈಗ ನಿಮ್ಮ ಊರಿನ ಒಂದು ಸುದ್ದಿ ಬರೀರಿ. ಐದು ಸಾಲು ಸಾಕು" ಅಂದೆ.

ಒಂದು ಪೆನ್ನೂ ಅಲುಗಾಡಲಿಲ್ಲ. ಎರಡು ನಿಮಿಷ ಆದ ಮೇಲೆ ಮೊದಲ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ, ನೀವು ಹೇಳ್ರಿ, ನಾವು ಬರಕೋತೀವಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಬರವಣಿಗೆ ಅಂದರೆ ಬರೆದುಕೊಳ್ಳುವುದು ಅಂತಲೇ ಆ ಕ್ಲಾಸು ಅವಳಿಗೆ ಕಲಿಸಿತ್ತು. ಮೂರು ಜನರ ನೋಟ್‌ಬುಕ್ ಇಸಕೊಂಡು ನೋಡಿದೆ. 'ವರದಿಗಾರನಿಗೆ ಇರಬೇಕಾದ ಗುಣಗಳು' ಮೂರರಲ್ಲೂ ಒಂದೇ ಕ್ರಮದಲ್ಲಿ ಇದ್ದವು. ಅಕ್ಷರ ದುಂಡಗಿತ್ತು, ಹೆಡ್ಡಿಂಗಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿತ್ತು. ಒಂದೇ ಜಾಗದಲ್ಲಿ ಒಂದೇ ಕಾಗುಣಿತದ ತಪ್ಪು ಕೂಡ ಮೂರರಲ್ಲೂ ಇತ್ತು.

ಆಮೇಲೆ ನಾನು ಪ್ರಶ್ನೆ ಬದಲಾಯಿಸಿದೆ. "ಅದೆಲ್ಲ ಬಿಡ್ರಿ. ಇವತ್ತು ಮುಂಜಾನೆ ಬಸ್ಸಿನಾಗ ಏನಾತು?"

ಕ್ಲಾಸಿಗೆ ಜೀವ ಬಂತು. ಒಬ್ಬ ಫುಟ್‌ಬೋರ್ಡಿನ ಮೇಲೆ ಜೋತುಬಿದ್ದು ಬಂದಿದ್ದ. ಒಬ್ಬಳ ಊರಿನಲ್ಲಿ ಬಸ್ಸು ನಿಲ್ಲಿಸಿರಲೇ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಅವ್ವ, ಚಿಕ್ಕಮ್ಮ, ಅಕ್ಕ ಎಲ್ಲರೂ ಬಸ್ಸು ಹತ್ತುತ್ತಿದ್ದಾರೆ, ಅದು ಒಳ್ಳೇದೇ, ಆದರೆ ನಮ್ಮ ರೂಟಿಗೆ ಬಸ್ಸು ಮೊದಲಿದ್ದಷ್ಟೇ ಇದೆ ಅಂತ ಇನ್ನೊಬ್ಬಳು ಲೆಕ್ಕ ಸಮೇತ ಹೇಳಿದಳು. "ಸರ, ನೀವು ಹೇಳ್ರಿ" ಅಂದಿದ್ದ ಆ ಮೊದಲ ಬೆಂಚಿನ ಹುಡುಗಿಯೇ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದಳು. ಅವಳ ಊರಿನ ಮೊದಲ ಬಸ್ಸು ಕಾಲೇಜಿಗೆ ಮುಟ್ಟುವಷ್ಟರಲ್ಲಿ ಮೊದಲ ಪಿರಿಯಡ್ ಮುಗಿದಿರುತ್ತದೆ. ಹಾಜರಾತಿ ಕಡಿಮೆ ಅಂತ ನೋಟಿಸು ಬರುತ್ತದೆ. ಮನೆಯಲ್ಲಿ ಅಪ್ಪ, "ನೀನು ಕ್ಲಾಸಿಗೆ ಹೋಗದ ಎಲ್ಲಿ ಹೋಗ್ತಿ?" ಅಂತ ಕೇಳುತ್ತಾರೆ.

"ನಿಲ್ಲು. ಈಗ ಹೇಳಿದಿಯಲ್ಲ, ಅದನ್ನೇ ಬರಿ. ಹೆಂಗ ಹೇಳಿದಿ ಹಂಗ" ಅಂದೆ. ಎಲ್ಲರಿಗೂ ಹತ್ತು ನಿಮಿಷ ಕೊಟ್ಟೆ.

ಅರ್ಧಕ್ಕಿಂತ ಹೆಚ್ಚು ಮಂದಿ ಬರೆದರು. ಐದಾರು ಮಂದಿ ಎದ್ದು ಓದಿದರು. ಆ ಹುಡುಗಿ ಬರೆದದ್ದು ಆರು ಸಾಲು. ಬಸ್ಸು ಹೊರಡುವ ಸಮಯ, ಮುಟ್ಟುವ ಸಮಯ, ಕ್ಲಾಸು ಶುರುವಾಗುವ ಸಮಯ, ನೋಟಿಸು, ಅಪ್ಪನ ಪ್ರಶ್ನೆ. ಅದು ಸುದ್ದಿ. ಸಮಯಗಳನ್ನು ನಾನು ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿ ನೋಡಿದೆ, ಸರಿ ಇದ್ದವು. ಒಂದೆರಡು ಮಾತು ಸೇರಿಸಿ ಕಳಿಸಿದೆ. ಜಿಲ್ಲಾ ಪುಟದಲ್ಲಿ ಸಣ್ಣದಾಗಿ ಬಂತು. ಬಸ್ಸಿನ ಸಮಯ ಇನ್ನೂ ಬದಲಾಗಿಲ್ಲ. ಆದರೆ ಆ ಹುಡುಗಿ ಡಿಪೋದವರಿಗೆ ಎರಡನೇ ಪತ್ರ ಬರೆದಿದ್ದಾಳೆ, ತಾನೇ, ಯಾರ ಹತ್ತಿರವೂ ಹೇಳಿಸಿಕೊಳ್ಳದೆ.

ಆವತ್ತು ನಾನು ಶಾಲಿಗಿಂತ ದೊಡ್ಡ ಖುಷಿ ಹೊತ್ತುಕೊಂಡು ಮನೆಗೆ ಹೋಗಿದ್ದೆ. ಆ ಖುಷಿ ಎಷ್ಟು ಪೊಳ್ಳು ಅಂತ ಗೊತ್ತಾದದ್ದು ಬೇವಿನ ಮರದ ಕೆಳಗೆ. ಅರ್ಜಿಗೆ ನೂರು ರೂಪಾಯಿ ಕೊಟ್ಟವರ ಮಗ ಅದೇ ಕ್ಲಾಸಿನಲ್ಲಿದ್ದ. ಹಿಂದಿನ ಬೆಂಚು. ಆವತ್ತು ಅವನು ಏನೂ ಬರೆದಿರಲಿಲ್ಲ. ನಾನು ಓದಿದವರದ್ದು ಕೇಳಿ ಚಪ್ಪಾಳೆ ಹೊಡೆಸಿದೆ. ಬರೆಯದವರ ಬೆಂಚಿನ ಹತ್ತಿರ ಒಂದು ಸಲವೂ ಹೋಗಲಿಲ್ಲ.

ಹಾಗಾಗಿ ನಾನು ಹೇಳುವುದು ನನಗೂ ಸೇರಿ: ಐದು ಜನ ಕೈ ಎತ್ತಿದರೆ ಅದು ಕ್ಲಾಸಿನ ಭಾಗವಹಿಸುವಿಕೆ ಅಲ್ಲ. ಎಪ್ಪತ್ತು ಮಂದಿಯೂ ತಮ್ಮದೇ ನಾಲ್ಕು ಸಾಲು ಬರೆಯಬೇಕು, ಅದನ್ನು ಇನ್ನೊಬ್ಬರಿಗೆ ಓದಿ ಹೇಳಬೇಕು, ಅದಕ್ಕೊಂದು ಉತ್ತರ ಬರಬೇಕು. ಈ ಮೂರೂ ಇಲ್ಲದ ಕ್ಲಾಸನ್ನು ಬರವಣಿಗೆಯ ಕ್ಲಾಸು ಅನ್ನುವುದು ಸುಳ್ಳು.

ನಮ್ಮ ಹುಡುಗರು ಮಾತಾಡಲ್ಲ ಅನ್ನೋದು ನೆಪ

ಯಾವ ಕಾಲೇಜಿಗೆ ಹೋದರೂ ಕೇಳುವ ಮಾತು: "ಹಳ್ಳಿ ಹುಡುಗರು ಸರ್, ಬಾಯಿ ಬಿಡೋದೇ ಇಲ್ಲ."

ಅದೇ ಹುಡುಗರನ್ನು ಊರಲ್ಲಿ ನೋಡಿ. ಜಾತ್ರೆಯ ಕುಸ್ತಿಗೆ ಮೈಕು ಹಿಡಿದು ಅವರೇ ಕಾಮೆಂಟರಿ ಹೇಳುತ್ತಾರೆ. ಬಯಲಾಟದಲ್ಲಿ ರಾತ್ರಿಯಿಡೀ ಪಾರ್ಟು ಮಾಡುತ್ತಾರೆ. ಮೊಹರಂಗೆ ಹೆಜ್ಜೆಮೇಳದಲ್ಲಿ ಪದ ಕಟ್ಟಿ ಹಾಡುತ್ತಾರೆ. ಗೋವಿನಜೋಳದ ರೇಟಿನ ಮೇಲೆ ದಲಾಲಿ ಅಂಗಡಿಯಲ್ಲಿ ಅಪ್ಪನ ಪರವಾಗಿ ಜಗಳ ಮಾಡುತ್ತಾರೆ. ವಾಟ್ಸಾಪಿನಲ್ಲಿ ಐದೈದು ನಿಮಿಷದ ವಾಯ್ಸ್ ಮೆಸೇಜ್ ಹಾಕುತ್ತಾರೆ. ಇಷ್ಟು ಮಾತಿರುವವರು ಕಾಲೇಜಿನ ಬಾಗಿಲು ದಾಟಿದ ಕೂಡಲೇ ಮೂಕರಾಗುತ್ತಾರೆ ಅಂದರೆ, ಆ ಮೌನ ಊರಿಂದ ಬಂದದ್ದಲ್ಲ. ಕಾಲೇಜಿನ ಒಳಗೆ ಕಲಿತದ್ದು.

ಹೇಗೆ ಕಲಿಯುತ್ತಾರೆ? ನಾನೂ ಹಾಗೇ ಕಲಿತವನು, ಹೇಳುತ್ತೇನೆ ಕೇಳಿ.

ಮೊದಲನೆಯದು, ಭಾಷೆಗೆ ನಗುವುದು. ಮನೆಯಲ್ಲಿ ಆಡುವ ಮಾತಿನಲ್ಲಿ ಒಂದು ವಾಕ್ಯ ಹೇಳಿದರೆ, "ಇದೇನು ಹೊಲದ ಕನ್ನಡ?" ಅಂತ ಒಬ್ಬರು ಕೇಳುತ್ತಾರೆ. ಕ್ಲಾಸು ನಗುತ್ತದೆ. ಒಂದು ಸಲ ನಗಿಸಿಕೊಂಡವನು ಮೂರು ವರ್ಷ ಬಾಯಿ ಬಿಡುವುದಿಲ್ಲ. ಧಾರವಾಡದ ಮಾತಿನಲ್ಲೇ ಪದ್ಯ ಕಟ್ಟಿದ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂತು ಅಂತ ಅದೇ ಕ್ಲಾಸಿನಲ್ಲಿ ನೋಟ್ಸ್ ಬರೆಸುತ್ತಾರೆ. ಬೇಂದ್ರೆಯವರ ಆಡುಮಾತಿಗೆ ಅಂಕ ಇದೆ, ಹುಡುಗನ ಆಡುಮಾತಿಗೆ ನಗೆ ಇದೆ. ಇದು ಯಾವ ನ್ಯಾಯ?

ಎರಡನೆಯದು, ಅಂಕ. ನೋಟ್ಸಿನಲ್ಲಿ ಇದ್ದ ಹಾಗೆ ಬರೆದವನಿಗೆ ಹೆಚ್ಚು, ತನ್ನ ಮಾತಿನಲ್ಲಿ ಬರೆದವನಿಗೆ ಕಡಿಮೆ. ಒಂದು ಸೆಮಿಸ್ಟರ್ ಇದನ್ನು ನೋಡಿದ ಹುಡುಗ ಬುದ್ಧಿವಂತನಾಗುತ್ತಾನೆ. ಸ್ವಂತ ವಾಕ್ಯ ನಷ್ಟದ ವ್ಯವಹಾರ ಅಂತ ಅವನಿಗೆ ತಿಳಿಯುತ್ತದೆ.

ಮೂರನೆಯದು, ಯಾರು ಎಲ್ಲಿ ಕೂರುತ್ತಾರೆ ಅನ್ನುವುದು. ಊರಿನ ಓಣಿ ಓಣಿಯ ಲೆಕ್ಕ ಬೆಂಚಿನ ಮೇಲೂ ಇರುತ್ತದೆ. ಯಾರು ಮಾತಾಡಿದರೆ ಎಲ್ಲರೂ ಕೇಳುತ್ತಾರೆ, ಯಾರು ಮಾತಾಡಿದರೆ "ಇವನೂ ಮಾತಾಡಿದ" ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾರೆ ಅಂತ ಕ್ಲಾಸಿನಲ್ಲಿರುವ ಎಲ್ಲರಿಗೂ ಗೊತ್ತು. "ಯಾರು ಹೇಳ್ತೀರಿ, ಕೈ ಎತ್ತಿ" ಅಂತ ಕೇಳಿದರೆ ಏಳುವುದು ಯಾವಾಗಲೂ ಮುಂದಿನ ಬೆಂಚಿನ ಅದೇ ಕೈಗಳು. ಹಾಗೆ ಕೇಳಿ ಬಿಟ್ಟುಬಿಡುವುದು ಪ್ರೋತ್ಸಾಹ ಅಲ್ಲ. ಊರಲ್ಲಿ ಮೊದಲಿಂದ ಮಾತಾಡುತ್ತಾ ಬಂದವರಿಗೇ ಮತ್ತೆ ಮೈಕು ಕೊಟ್ಟ ಹಾಗೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಬರೆದದ್ದನ್ನು ಯಾರೂ ಓದುವುದಿಲ್ಲ. ಅಸೈನ್‌ಮೆಂಟ್ ಕೊಡುತ್ತಾರೆ, ಮೊದಲ ಪುಟಕ್ಕೆ ಸಹಿ ಬೀಳುತ್ತದೆ, ಒಳಗೆ ಏನಿದೆ ಅಂತ ಯಾರೂ ತಿರುವಿ ನೋಡುವುದಿಲ್ಲ. ನಾನು ಡಿಪ್ಲೊಮಾ ಓದುವಾಗ ಒಂದು ಅಸೈನ್‌ಮೆಂಟಿನ ನಡುವೆ ಬೇಕಂತಲೇ ನಮ್ಮ ಮನೆ ಎಮ್ಮೆಯ ಬಗ್ಗೆ ಎರಡು ಸಾಲು ಬರೆದಿದ್ದೆ. ಹತ್ತಕ್ಕೆ ಒಂಬತ್ತು ಬಂತು. ಗೆಳೆಯರ ಮುಂದೆ ನಕ್ಕೆ. ಆದರೆ ಮುಂದಿನ ಅಸೈನ್‌ಮೆಂಟನ್ನು ಮನಸ್ಸಿಟ್ಟು ಬರೆಯಲಿಲ್ಲ. ಓದುವವರಿಲ್ಲದ ಮೇಲೆ ಯಾರಿಗೆ ಅಂತ ಬರೆಯಬೇಕು? ಕೆಲಸಕ್ಕೆ ಸೇರಿದಾಗ ನನ್ನ ಮೊದಲ ಸುದ್ದಿಯಲ್ಲಿ ನನ್ನದು ಅಂತ ಉಳಿದದ್ದು ಊರಿನ ಹೆಸರು ಮಾತ್ರ. ಉಳಿದದ್ದನ್ನೆಲ್ಲ ಡೆಸ್ಕಿನವರು ಹೊಸದಾಗಿ ಬರೆದಿದ್ದರು.

ಎಂಟು ಹಳ್ಳಿ ಹುಡುಗರು ಬರೆದ ಪುಸ್ತಕ

ಇದು ನಮ್ಮ ಊರಿನ ಸಮಸ್ಯೆ ಮಾತ್ರ ಅಲ್ಲ. ಇದಕ್ಕೆ ಬೇರೆ ಕಡೆ ಉತ್ತರ ಹುಡುಕಿದವರೂ ಇದ್ದಾರೆ. ಕಾಲೇಜಿನಲ್ಲಲ್ಲ, ಒಂದು ಗುಡ್ಡದ ಮೇಲೆ.

ಇಟಲಿ ದೇಶದಲ್ಲಿ ಫ್ಲಾರೆನ್ಸ್ ಪಟ್ಟಣದಿಂದ ಆಚೆ ಬಾರ್ಬಿಯಾನಾ ಅಂತ ಒಂದು ಸಣ್ಣ ಊರು. 1954ರಲ್ಲಿ ಅಲ್ಲಿಗೆ ಲೊರೆನ್ಸೊ ಮಿಲಾನಿ ಎಂಬ ಪಾದ್ರಿ ಬಂದರು. ಸುತ್ತಲಿನ ರೈತರ, ಕುರಿ ಕಾಯುವವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಫೇಲಾಗಿ ಮನೆ ಸೇರುತ್ತಿದ್ದರು. ಮಿಲಾನಿ ಅವರನ್ನೆಲ್ಲ ಸೇರಿಸಿ ಒಂದು ಶಾಲೆ ನಡೆಸಿದರು. 1967ರಲ್ಲಿ ಆ ಶಾಲೆಯ ಎಂಟು ಹುಡುಗರು ಸೇರಿ ಒಂದು ಪುಸ್ತಕ ಬರೆದರು. ತಮ್ಮನ್ನು ಫೇಲು ಮಾಡಿದ ಟೀಚರಿಗೆ ಬರೆದ ಪತ್ರ ಅದು. ಬಡವರ ಮಕ್ಕಳೇ ಯಾಕೆ ಫೇಲಾಗುತ್ತಾರೆ ಅಂತ ಲೆಕ್ಕ, ಅಂಕಿ ಅಂಶ ಹಾಕಿ ಬರೆದಿದ್ದರು. ಆ ಪುಸ್ತಕ ಇಟಲಿಯಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು, ಬೇರೆ ಬೇರೆ ಭಾಷೆಗಳಿಗೆ ಹೋಯಿತು.

ಅವರು ಬರೆದ ರೀತಿ ನಮಗೆ ಮುಖ್ಯ. ಪ್ರತಿಯೊಬ್ಬ ಹುಡುಗನ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್. ಏನು ಹೊಳೆದರೂ ಅದರಲ್ಲಿ ಬರೆದುಕೊಳ್ಳಬೇಕು. ಆಮೇಲೆ ಒಂದೊಂದು ವಿಚಾರವನ್ನು ಒಂದೊಂದು ಚೀಟಿಯ ಮೇಲೆ ಬರೆದು ಎಲ್ಲವನ್ನೂ ದೊಡ್ಡ ಮೇಜಿನ ಮೇಲೆ ಹರವುವುದು. ಎರಡೆರಡು ಸಲ ಬಂದದ್ದನ್ನು ತೆಗೆಯುವುದು. ಒಂದಕ್ಕೊಂದು ಸಂಬಂಧ ಇರುವ ಚೀಟಿಗಳನ್ನು ಒಂದು ಗುಂಪು ಮಾಡುವುದು. ಆ ಗುಂಪೇ ಒಂದು ಅಧ್ಯಾಯ. ಗುಂಪಿನೊಳಗಿನ ಸಣ್ಣ ಗುಂಪು ಒಂದು ಪ್ಯಾರಾ. ಕೊನೆಗೆ ಎಲ್ಲರೂ ಕೂತು ಓದಿ, ಬೇಡದ ಮಾತು, ಕಷ್ಟದ ಶಬ್ದ, ಉದ್ದ ವಾಕ್ಯ ಕತ್ತರಿಸುವುದು. ಹೊರಗಿನವರನ್ನು ಕರೆದು ಅವರಿಂದಲೇ ಓದಿಸಿ, ಅವರಿಗೆ ಎಲ್ಲಿ ಅರ್ಥ ಆಗಲಿಲ್ಲವೋ ಅಲ್ಲಿ ತಿದ್ದುವುದು.

ಈ ಲೆಕ್ಕದಲ್ಲಿ ಸುಮ್ಮನೆ ಕೂರುವುದಕ್ಕೆ ಜಾಗವೇ ಇಲ್ಲ. ಒಳ್ಳೆಯ ಮಾತುಗಾರನ ಚೀಟಿಯೂ ಒಂದೇ, ಹಿಂದಿನ ಬೆಂಚಿನವನ ಚೀಟಿಯೂ ಒಂದೇ. ಮೇಜಿನ ಮೇಲೆ ಬಿದ್ದ ಮೇಲೆ ಅದು ಯಾರ ಓಣಿಯದು ಅಂತ ಯಾರೂ ಕೇಳುವುದಿಲ್ಲ. ಇದಕ್ಕೆ ಪ್ರೊಜೆಕ್ಟರ್ ಬೇಡ, ಸ್ಮಾರ್ಟ್ ಕ್ಲಾಸ್ ಬೇಡ. ಹಳೇ ಪ್ರಶ್ನೆಪತ್ರಿಕೆಯ ಹಿಂದಿನ ಬದಿ ಸಾಕು.

ಅಷ್ಟು ದೂರ ಯಾಕೆ, ನಮ್ಮ ದೇಶದಲ್ಲೇ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹಳ್ಳಿಯ ಹೆಂಗಸರು 'ಖಬರ್ ಲಹರಿಯಾ' ಪತ್ರಿಕೆ ಶುರು ಮಾಡಿದರು. ದಲಿತ ಹೆಣ್ಣುಮಕ್ಕಳು ಪೆನ್ನು ಹಿಡಿದು, ಆಮೇಲೆ ಫೋನ್ ಹಿಡಿದು ವರದಿಗಾರರಾದರು. ಅವರ ಮೇಲೆ ಮಾಡಿದ 'ರೈಟಿಂಗ್ ವಿತ್ ಫೈರ್' ಸಾಕ್ಷ್ಯಚಿತ್ರ 2022ರ ಆಸ್ಕರ್‌ಗೆ ನಾಮನಿರ್ದೇಶನ ಆಯಿತು. ಅವರು ಊರಲ್ಲಿ ಸುತ್ತಾಡಿ, ಬರೆದು, ತಿದ್ದಿ, ಮತ್ತೆ ಬರೆದು ಕಲಿತವರು. ವರದಿಗಾರನ ಗುಣಗಳನ್ನು ಬಾಯಿಪಾಠ ಮಾಡಿ ಯಾರೂ ವರದಿಗಾರರಾಗಿಲ್ಲ.

ಅಧ್ಯಾಪಕರ ಮಾತೂ ಕೇಳೋಣ

ಇದನ್ನೆಲ್ಲ ಒಬ್ಬ ಅಧ್ಯಾಪಕ ಗೆಳೆಯನಿಗೆ ಹೇಳಿದೆ. ಅವನು ಅತಿಥಿ ಉಪನ್ಯಾಸಕ. ಸಿಟ್ಟಿಗೆದ್ದ. "ನೀನು ಒಂದು ದಿನ ಬಂದು ಶಾಲು ಹೊದ್ದುಕೊಂಡು ಹೋಗ್ತಿ. ನಾನು ದಿನಾ ನಿಲ್ಲಬೇಕು" ಅಂದ. ಅವನ ಮಾತಿನಲ್ಲಿ ಸತ್ಯ ಇದೆ. ಅದನ್ನು ಇಲ್ಲಿ ಬರೆಯದಿದ್ದರೆ ನನ್ನದು ಅರ್ಧ ಸುದ್ದಿ ಆಗುತ್ತದೆ.

ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಕಾಯಂ ಮಾಡಿ ಅಂತ 2023ರ ಕೊನೆಯಲ್ಲಿ ಕ್ಲಾಸು ಬಿಟ್ಟು ಬೀದಿಗೆ ಬಂದಿದ್ದರು. ಸಿಲಬಸ್ಸೂ ನಿಲ್ಲುವುದಿಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಪದವಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದರು. ಇದರ ನಡುವೆ ಒಬ್ಬ ಮನುಷ್ಯ ಎಪ್ಪತ್ತು ನೋಟ್‌ಬುಕ್ ಓದು ಅಂದರೆ ಯಾವಾಗ ಓದಬೇಕು?

ಒಪ್ಪಿದೆ. ಆದರೆ ಎಪ್ಪತ್ತನ್ನೂ ಅವನೊಬ್ಬನೇ ಓದಬೇಕು ಅಂತ ಹೇಳಿದವರು ಯಾರು? ಇಬ್ಬಿಬ್ಬರು ಜೋಡಿಯಾಗಿ ಕೂತು ಒಬ್ಬರದ್ದು ಒಬ್ಬರು ಓದಿದರೆ, ಐದು ನಿಮಿಷದಲ್ಲಿ ಎಪ್ಪತ್ತಕ್ಕೂ ಒಬ್ಬ ಓದುಗ ಸಿಕ್ಕ ಹಾಗಾಯಿತು. ಅಧ್ಯಾಪಕ ದಿನಕ್ಕೆ ಐದು ಓದಿದರೆ ಸಾಕು. ವಾರಕ್ಕೆ ನಾಲ್ಕು ಕ್ಲಾಸು ಅಂದರೂ ಒಂದು ತಿಂಗಳೊಳಗೆ ಎಲ್ಲರದ್ದೂ ಒಂದು ಸುತ್ತು ಮುಗಿಯುತ್ತದೆ.

"ಪರೀಕ್ಷೆಗೆ ನೋಟ್ಸ್ ಬೇಕಲ್ಲ?" ಅಂದ. ಬೇಕು. ನೋಟ್ಸನ್ನು ಜೆರಾಕ್ಸ್ ಮಾಡಿಸಿ ಕೊಡಲಿ, ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕಲಿ. ಡಿಕ್ಟೇಟ್ ಮಾಡಿ ಬರೆಸಲು ಹೋಗುವ ಗಂಟೆಗಳು ಉಳಿಯುತ್ತವೆ. ಟೈಮಿಲ್ಲ ಅನ್ನುವವರು ಆ ಟೈಮು ಎಲ್ಲಿ ಹೋಗುತ್ತಿದೆ ಅಂತ ಒಮ್ಮೆ ಗಡಿಯಾರ ಇಟ್ಟು ನೋಡಲಿ.

ಇನ್ನೊಂದು ಮಾತು ಅವನು ಹೇಳಲಿಲ್ಲ, ನಾನೇ ಹೇಳುತ್ತೇನೆ. ಡಿಕ್ಟೇಶನ್ ಅಧ್ಯಾಪಕರಿಗೂ ಸುರಕ್ಷಿತ. ಯಾರೂ ಪ್ರಶ್ನೆ ಕೇಳುವುದಿಲ್ಲ, ಗಲಾಟೆ ಇಲ್ಲ, ಪ್ರಿನ್ಸಿಪಾಲರು ಹೊರಗಿಂದ ನೋಡಿದರೆ ಶಿಸ್ತಿನ ಕ್ಲಾಸು. ನಿಜವಾಗಿ ಬರೆಯುವ ಕ್ಲಾಸಿನಲ್ಲಿ ಗದ್ದಲ ಇರುತ್ತದೆ. ಕಾಲೇಜಿನ ಶೌಚಾಲಯಕ್ಕೆ ನೀರಿಲ್ಲ ಅಂತಲೂ ಯಾರಾದರೂ ಬರೆದುಬಿಡಬಹುದು. ಆ ಹೆದರಿಕೆ ಅರ್ಥ ಆಗುತ್ತದೆ. ಆದರೆ ಆ ಹೆದರಿಕೆಯ ಬೆಲೆಯನ್ನು ಕೊಡುತ್ತಿರುವವರು ಬೇವಿನ ಮರದ ಕೆಳಗೆ ನಿಂತಿರುವ ಅಪ್ಪಂದಿರು.

ನಾಳೆಯಿಂದಲೇ ಮಾಡಬಹುದಾದದ್ದು

ಬೈದರೆ ಸಾಲದು, ದಾರಿಯನ್ನೂ ಹೇಳಬೇಕು. ಇವು ದುಡ್ಡು ಬೇಡದ ಕೆಲಸಗಳು.

ಒಂದು, ಕ್ಲಾಸಿನ ಮೊದಲ ಹತ್ತು ನಿಮಿಷ ಎಲ್ಲರೂ ಬರೆಯಬೇಕು. ಅಧ್ಯಾಪಕರೂ ಬರೆಯಬೇಕು. ವಿಷಯ ದಿನದ್ದಾಗಿರಲಿ: ಇವತ್ತಿನ ಬಸ್ಸು, ನಿನ್ನೆಯ ಕರೆಂಟು, ಸಂತೆಯ ರೇಟು, ರೇಷನ್ ಅಂಗಡಿಯ ಸಾಲು. ಆಡುಮಾತಿನಲ್ಲಿ ಬರೆದರೂ ಸರಿ. ಕಾಗುಣಿತ ಆಮೇಲೆ ತಿದ್ದಬಹುದು, ಮೊದಲು ತಿದ್ದಲು ಏನಾದರೂ ಇರಬೇಕಲ್ಲ.

ಎರಡು, ಕೈ ಎತ್ತಿಸುವುದು ಬೇಡ. ಮೊದಲು ಪಕ್ಕದವರಿಗೆ ಓದಲಿ. ಆಮೇಲೆ ನಾಲ್ಕು ಮಂದಿಯ ಗುಂಪಿನಲ್ಲಿ ಓದಲಿ. ಇಬ್ಬರ ಮುಂದೆ ಓದಿದವಳಿಗೆ ಎಪ್ಪತ್ತು ಮಂದಿಯ ಮುಂದೆ ಓದುವುದು ಅಷ್ಟು ಕಷ್ಟವಲ್ಲ. ಗುಂಪು ಮಾಡುವಾಗ ಬೆಂಚು ಕಲಸಿ. ಹಿಂದಿನ ಬೆಂಚಿನಿಂದ ಶುರು ಮಾಡಿ.

ಮೂರು, ತಿದ್ದುವಾಗ ಹಾಳೆಯನ್ನೆಲ್ಲ ಕೆಂಪು ಮಾಡಬೇಡಿ. ಚೆನ್ನಾಗಿ ಬಂದ ಒಂದು ವಾಕ್ಯಕ್ಕೆ ಗೆರೆ ಹಾಕಿ, ಅರ್ಥ ಆಗದ ಒಂದು ಜಾಗದಲ್ಲಿ ಪ್ರಶ್ನೆ ಬರೆಯಿರಿ. ಅಷ್ಟೇ. ಆ ಪ್ರಶ್ನೆಗೆ ಉತ್ತರ ಕೊಡಲು ಅವನು ಮತ್ತೆ ಬರೆಯುತ್ತಾನೆ. ಎರಡನೇ ಸಲ ಬರೆಯುವಾಗಲೇ ಬರವಣಿಗೆ ಕಲಿಯುವುದು.

ನಾಲ್ಕು, ಬರೆದದ್ದು ಕ್ಲಾಸಿನ ಹೊರಗೆ ಹೋಗಲಿ. ಗೋಡೆ ಪತ್ರಿಕೆ ಮಾಡಿ. ಪತ್ರಿಕೆಯ ಓದುಗರ ಪತ್ರಕ್ಕೆ ಕಳಿಸಿ. ಗ್ರಾಮ ಪಂಚಾಯಿತಿ ಪಿಡಿಒಗೆ ಪತ್ರ ಬರೆಯಿರಿ. ಮಾಹಿತಿ ಹಕ್ಕಿನ ಅರ್ಜಿ ಬರೆಸಿ. ಬರವಣಿಗೆಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 2005ರ ಕಾಯ್ದೆ ಅದು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು. ಏನು ಬೇಕು, ಯಾವ ವರ್ಷದ್ದು ಬೇಕು, ಯಾವ ಕಡತ ಬೇಕು ಅಂತ 150 ಪದದೊಳಗೆ ಸ್ಪಷ್ಟವಾಗಿ ಕೇಳಲು ಕಲಿತ ಹುಡುಗಿಗೆ ಸುದ್ದಿ ಬರೆಯುವುದನ್ನು ಬೇರೆ ಕಲಿಸಬೇಕಾಗಿಲ್ಲ. ಅದಕ್ಕೆ ಉತ್ತರ ಬಂದ ದಿನ ಇಡೀ ಕ್ಲಾಸಿನಲ್ಲಿ ಅದನ್ನು ಓದಿ. ತಾನು ಬರೆದದ್ದಕ್ಕೆ ಒಂದು ಸರ್ಕಾರಿ ಕಚೇರಿ ಉತ್ತರ ಕೊಟ್ಟಿದೆ ಅಂತ ಕಂಡವರು ಮತ್ತೆ ಸುಮ್ಮನೆ ಕೂರುವುದಿಲ್ಲ.

ಐದು, ಇಂಟರ್ನಲ್ ಅಂಕ ಹೇಗೂ ಕಾಲೇಜಿನ ಕೈಯಲ್ಲೇ ಇದೆ. ಅದನ್ನು ಒಂದು ಅಸೈನ್‌ಮೆಂಟಿನ ಸಹಿಗೆ ಕೊಡುವ ಬದಲು, ವರ್ಷವಿಡೀ ಬರೆದ ಹಾಳೆಗಳ ಕಟ್ಟಿಗೆ ಕೊಡಿ. ಮೊದಲ ಹಾಳೆ ಹೇಗಿತ್ತು, ಕೊನೆಯ ಹಾಳೆ ಹೇಗಿದೆ ಅಂತ ನೋಡಿ ಕೊಡಿ.

ಫೋನೇ ಬರೆದುಕೊಡುತ್ತಲ್ಲ?

ಈ ಪ್ರಶ್ನೆ ಬಂದೇ ಬರುತ್ತದೆ. ಈಗ ಫೋನಿಗೆ ಹೇಳಿದರೆ ಅರ್ಜಿ ಬರೆದುಕೊಡುತ್ತದೆ, ಪ್ರಬಂಧ ಬರೆದುಕೊಡುತ್ತದೆ. ಹುಡುಗರು ಅಸೈನ್‌ಮೆಂಟನ್ನು ಅದರಿಂದಲೇ ಇಳಿಸಿ ಕೊಡುತ್ತಿದ್ದಾರೆ. ಇನ್ನು ಕಲಿತು ಏನಾಗಬೇಕು?

ಫೋನಿಗೆ ಅರ್ಜಿಯ ನಮೂನೆ ಗೊತ್ತಿದೆ. ನಿಮ್ಮ ಹೊಲದ ಟಿಸಿ ಸುಟ್ಟು ಎಷ್ಟು ದಿನ ಆಯಿತು, ಲೈನ್‌ಮನ್ ಎಷ್ಟು ಸಲ ಬಂದು ಏನು ಹೇಳಿ ಹೋದ, ಅಷ್ಟರಲ್ಲಿ ಎಷ್ಟು ಎಕರೆ ಮೆಣಸಿನಕಾಯಿ ಒಣಗಿತು ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ಕ್ರಮವಾಗಿ, ಬೇಕಾದದ್ದು ಮಾತ್ರ, ಬೇಡದ್ದು ಬಿಟ್ಟು ಹೇಳಬೇಕಾದವರು ನೀವು. ಹಾಗೆ ಹೇಳಲು ಬಂದವರಿಗೆ ಫೋನ್ ಒಳ್ಳೆಯ ಆಳು. ಬರದವರಿಗೆ ಅದು ಇನ್ನೊಬ್ಬ ಡಿಕ್ಟೇಟ್ ಮಾಡುವ ಮೇಷ್ಟ್ರು. ತಾಲೂಕು ಕಚೇರಿಯಲ್ಲಿ ಗುಮಾಸ್ತರು, "ಏನ್ ಬರದೀಯಪ್ಪ ಇದರಾಗ?" ಅಂತ ಕೇಳಿದಾಗ ಉತ್ತರ ಕೊಡಬೇಕಾದ ಬಾಯಿ ನಿಮ್ಮದೇ.

ನೀವು ಕೇಳಬೇಕಾದ ಒಂದು ಪ್ರಶ್ನೆ

ಇದನ್ನು ಓದುತ್ತಿರುವ ಅಪ್ಪ, ಅವ್ವ, ಅಣ್ಣ, ಅಕ್ಕಂದಿರಿಗೆ ಒಂದು ಮಾತು. ಕಾಲೇಜಿನ ವಿಚಾರ ನಮಗೆ ತಿಳಿಯುವುದಿಲ್ಲ ಅಂತ ನಾವು ಸುಮ್ಮನಿರುತ್ತೇವೆ. ಫೀ ಕಟ್ಟುತ್ತೇವೆ, ಬಸ್ ಪಾಸ್ ಮಾಡಿಸುತ್ತೇವೆ, ಪಾಸಾದರೆ ಪೇಢೆ ಹಂಚುತ್ತೇವೆ. ಒಳಗೆ ಏನು ನಡೆಯುತ್ತದೆ ಅಂತ ಕೇಳುವುದಿಲ್ಲ. ಬೋರ್‌ವೆಲ್ ಕೊರೆಸುವಾಗ ನೀರು ಬಂತೋ ಇಲ್ಲವೋ ಅಂತ ರಾತ್ರಿಯಿಡೀ ನಿಂತು ನೋಡುವವರು ನಾವು. ಮೂರು ವರ್ಷದ ಓದನ್ನು ಹಾಗೆ ಒಂದು ದಿನವಾದರೂ ನಿಂತು ನೋಡಬೇಡವೇ?

ಪಾಲಕರ ಸಭೆಗೆ ಕರೆದರೆ ಹೋಗಿ. ಮಾರ್ಕ್ಸ್ ಎಷ್ಟು ಅಂತ ಕೇಳುವ ಮೊದಲು, "ನನ್ನ ಮಗಳು ಈ ತಿಂಗಳು ಬರೆದ ಒಂದು ಹಾಳೆ ತೋರಿಸ್ರಿ" ಅಂತ ಕೇಳಿ. ಅಧ್ಯಾಪಕರಿಗೆ ಸಿಟ್ಟು ಬರಲಿಕ್ಕಿಲ್ಲ. ಒಳ್ಳೆಯವರಿಗೆ ಖುಷಿ ಆಗುತ್ತದೆ, ಉಳಿದವರು ಮುಂದಿನ ತಿಂಗಳು ಬರೆಸಲು ಶುರು ಮಾಡುತ್ತಾರೆ.

ಅದಕ್ಕೂ ಮೊದಲು ಇವತ್ತು ರಾತ್ರಿ ಊಟ ಆದ ಮೇಲೆ ನಿಮ್ಮ ಮನೆಯ ಕಾಲೇಜು ಹುಡುಗನ, ಹುಡುಗಿಯ ನೋಟ್‌ಬುಕ್ ಇಸಕೊಳ್ಳಿ. ನಿಮಗೆ ಓದಲು ಬರದಿದ್ದರೂ ಅಡ್ಡಿಯಿಲ್ಲ. ಪುಟ ತಿರುವುತ್ತಾ ಒಂದೇ ಪ್ರಶ್ನೆ ಕೇಳಿ:

"ಇದರಾಗ ನೀನ ಬರದದ್ದು ಯಾವುದು?"

ಅವರು ಒಂದು ಪುಟ ತೆಗೆದು ತೋರಿಸಿದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಕೇಳಿ. ತೋರಿಸಲು ಆಗದಿದ್ದರೆ ಅವರನ್ನು ಬೈಯಬೇಡಿ. ಒಂದು ಬಿಳಿ ಹಾಳೆ ಕೊಟ್ಟು, ನಿಮ್ಮದೇ ಮನೆಯ ಒಂದು ಅರ್ಜಿ ಬರೆಸಿ. ಮರುದಿನ ಅದೇ ಹಾಳೆ ಹಿಡಿದುಕೊಂಡು ಇಬ್ಬರೂ ಕಾಲೇಜಿಗೆ ಹೋಗಿ.